ಹಳೆಯದು ನಿಚ್ಚಳ, ಹೊಸದು ಮಸುಕು

ಹೋದ ಬೇಸಿಗೆ ರಜೆಗೆ ಅಣ್ಣನ ಮಗಳು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದಳು. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಕಂತಿನಂತೆ ಅವಳಿಗೆ ಅಮೆರಿಕದ ಗಗನಯಾನದ ಧಾರಾವಾಹಿ ಸ್ಟಾರ್ ಟ್ರೆಕ್ ತೋರಿಸುತ್ತಿದ್ದೆ. ಮೊದಲು 1966ರ ಮೂಲ ಸರಣಿಯಿಂದ ಆರಿಸಿದ ಕೆಲವು ಕಂತು, ಆಮೇಲೆ 1987ರಲ್ಲಿ ಶುರುವಾದ ನೆಕ್ಸ್ಟ್ ಜನರೇಶನ್, ಕೊನೆಗೆ 1993ರ ಡೀಪ್ ಸ್ಪೇಸ್ ನೈನ್. ಮೂರರಲ್ಲಿ ಈ ಕೊನೆಯದು ನನಗೆ ಪ್ರಾಣ. ಅವಳಿಗೂ ಹಿಡಿಸಲಿ ಎಂಬ ಆಸೆಯಿಂದ ಹಿಂದಿನ ಎರಡನ್ನೂ ಒಂಥರಾ ಪೀಠಿಕೆಯ ಹಾಗೆ ತೋರಿಸಿದ್ದೆ. ಹತ್ತು ನಿಮಿಷ ನೋಡಿದಳು. ಎದ್ದು ಟಿವಿ ಹತ್ತಿರ ಹೋಗಿ ನಿಂತಳು. "ಚಿಕ್ಕಪ್ಪ, ಇದು ಅವೆರಡಕ್ಕಿಂತ ಹೊಸದು ಅಂದ್ಯಲ್ಲ? ಮತ್ಯಾಕೆ ಇದೇ ಮಸುಕಾಗಿದೆ?"

ಅವಳು ಹೇಳಿದ್ದು ನಿಜ. ನಮ್ಮ ಹೊಸ 4ಕೆ ಟಿವಿಯ ಮೇಲೆ 1966ರ ಕಂತಿನಲ್ಲಿ ಅಂಗಿಯ ಬಟ್ಟೆಯ ನೇಯ್ಗೆ ಕಾಣುತ್ತದೆ. ನೆಕ್ಸ್ಟ್ ಜನರೇಶನ್‌ನಲ್ಲಿ ನಟರ ಹಣೆಯ ಸುಕ್ಕು ಎಣಿಸಬಹುದು. ಅದಕ್ಕಿಂತ ಈಚಿನ ಡೀಪ್ ಸ್ಪೇಸ್ ನೈನ್ ಮಾತ್ರ ಹಬೆ ಕೂತ ಕನ್ನಡಕದಿಂದ ನೋಡಿದ ಹಾಗೆ. ಮೂವತ್ತು ವರ್ಷದಿಂದ ಈ ಸರಣಿಗಳ ಜೊತೆ ಬದುಕಿದವನು ನಾನು, ಕಾರಣ ಗೊತ್ತಿತ್ತು, ಅವತ್ತೇ ಹೇಳಿದೆ. ಆದರೆ ಹೇಳಿ ಮುಗಿಸಿದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಸುಮಾರು ನಾಲ್ಕು ಶತಮಾನ ಮುಂದಿನ ಕತೆ ಹೇಳುವ ಧಾರಾವಾಹಿಯೊಂದು ಮೂವತ್ತು ವರ್ಷವನ್ನೇ ನೆಟ್ಟಗೆ ದಾಟಿ ಬರಲಾಗಲಿಲ್ಲವಲ್ಲ ಎಂಬ ಸಂಕಟ ಅದು.

ಕಾರಣ ಇಷ್ಟು. 1966ರಿಂದ 69ರವರೆಗಿನ ಮೂಲ ಸರಣಿಯ 79 ಕಂತುಗಳನ್ನೂ 35 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿ, ಫಿಲ್ಮಿನಲ್ಲೇ ಕತ್ತರಿಸಿ ಜೋಡಿಸಿ, ಫಿಲ್ಮಿನಲ್ಲೇ ಮುಗಿಸಿದರು. ಆ ಕಾಲದ ಟಿವಿ ತೋರಿಸಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು ವಿವರ ಆ ನೆಗೆಟಿವ್‌ನಲ್ಲಿ ಸುಮ್ಮನೆ ಮಲಗಿತ್ತು, ನಲವತ್ತು ವರ್ಷ ಬಿಟ್ಟು ಎಬ್ಬಿಸಿದರೂ ಎದ್ದಿತು. 1987ರ ಹೊತ್ತಿಗೆ ವಿಡಿಯೋ ಬಂದಿತ್ತು. ನೆಕ್ಸ್ಟ್ ಜನರೇಶನ್ ಅನ್ನು ಫಿಲ್ಮಿನಲ್ಲೇ ಚಿತ್ರಿಸಿದರೂ ಅದನ್ನು ಟೇಪಿಗೆ ಇಳಿಸಿಕೊಂಡು, ಸಂಕಲನವನ್ನೂ ಗ್ರಾಫಿಕ್ಸ್ ಜೋಡಣೆಯನ್ನೂ ಟೇಪಿನ ಮೇಲೆ ಮಾಡಿದರು. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಮುಗಿದ ಕಂತು ಎಂದು ಕೈಗೆ ಸಿಗುವುದು ಅಮೆರಿಕದ ಆಗಿನ ಟಿವಿಯ 525 ಗೆರೆಗಳ ಟೇಪು ಮಾತ್ರ. ಮದುವೆ ಫೋಟೋದ ನೆಗೆಟಿವ್ ಇಟ್ಟುಕೊಂಡವರು ಇವತ್ತೂ ಗೋಡೆಯಗಲ ಪ್ರಿಂಟ್ ಹಾಕಿಸಬಹುದು. ಆಲ್ಬಮ್ಮಿನ ಅಂಗೈಯಗಲದ ಪ್ರಿಂಟ್ ಒಂದೇ ಉಳಿದಿದ್ದರೆ ಅದನ್ನು ಹಿಗ್ಗಿಸಿದಷ್ಟೂ ಮುಖ ಕಲಸಿಹೋಗುತ್ತದೆ.

ನೆಕ್ಸ್ಟ್ ಜನರೇಶನ್ ಉಳಿದದ್ದು ಯಾರೋ ಪುಣ್ಯಾತ್ಮರು ನೆಗೆಟಿವ್ ಡಬ್ಬಗಳನ್ನು ಎಸೆಯದೆ ಇಟ್ಟಿದ್ದರಿಂದ. 2012ರಿಂದ 2014ರವರೆಗೆ ಏಳೂ ಸೀಸನ್ನು ಬ್ಲೂ-ರೇ ಡಿಸ್ಕಿನಲ್ಲಿ ಬಂತು. ಅದಕ್ಕಾಗಿ ಸುಮಾರು 25 ಸಾವಿರ ರೀಲು ಹೊರತೆಗೆದು, ಯಾವ ಶಾಟು ಯಾವ ಡಬ್ಬದಲ್ಲಿದೆ ಎಂದು ಹುಡುಕಿ, ಹಳೆಯ ಟೇಪನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಕಂತನ್ನೂ ಮೊದಲಿಂದ ಸಂಕಲನ ಮಾಡಿದರು. ಗಗನನೌಕೆಯ ದೃಶ್ಯಗಳೂ ಹಾಗೇ. ನೌಕೆ ಎಂದರೆ ಆಗ ಕೈಯಲ್ಲಿ ಮಾಡಿದ ಮಾದರಿ. ಅದೇ ಮಾದರಿಯ ಮುಂದೆ ಕ್ಯಾಮೆರಾವನ್ನು ಅದೇ ದಾರಿಯಲ್ಲಿ ಹಲವು ಸಲ ಓಡಿಸುತ್ತಿದ್ದರು, ಒಂದು ಸಲ ಮೈಗೆ, ಒಂದು ಸಲ ಕಿಟಕಿಯ ದೀಪಕ್ಕೆ, ಇನ್ನೊಂದು ಸಲ ಎಂಜಿನ್ನಿನ ಹೊಳಪಿಗೆ. ಹೀಗೆ ಬೇರೆಬೇರೆ ತೆಗೆದ ಫಿಲ್ಮುಗಳನ್ನೂ ಹುಡುಕಿ ಮತ್ತೆ ಒಂದರ ಮೇಲೊಂದು ಕೂರಿಸಿದರು. ಅಂದಿನ ಕಲಾವಿಭಾಗದಲ್ಲಿದ್ದ ಮೈಕೆಲ್ ಮತ್ತು ಡೆನಿಸ್ ಒಕುಡಾ ದಂಪತಿ ಪಕ್ಕದಲ್ಲಿದ್ದು ಸಲಹೆ ಕೊಟ್ಟರು. ಟಿವಿ ಇತಿಹಾಸದಲ್ಲಿ ಇಷ್ಟು ಶ್ರದ್ಧೆಯ ಜೀರ್ಣೋದ್ಧಾರ ಇನ್ನೊಂದನ್ನು ನಾನು ನೋಡಿಲ್ಲ. ಈಗ ಸರಿಯಾಗಿ ನೋಡಿದರೆ ನೌಕೆಯ ಹೊಳೆಯುವ ಫಲಕಗಳಲ್ಲಿ ದೀಪದ ಪ್ರತಿಬಿಂಬ ಬೀಳದಿರಲೆಂದು ಅಂಟಿಸಿದ ಕಪ್ಪು ರಟ್ಟಿನ ತುಂಡೂ ಕಾಣುತ್ತದೆ. ಆ ರಟ್ಟು ಕಂಡಾಗೆಲ್ಲ ನನಗೆ ಖುಷಿ. ಯಾರೋ ಒಬ್ಬರು ಅವತ್ತು ಕತ್ತರಿ ಹಿಡಿದು ಕತ್ತರಿಸಿದ್ದು ಅದು.

ಡೀಪ್ ಸ್ಪೇಸ್ ನೈನ್‌ನ 176 ಕಂತುಗಳ ಸರದಿ ಬರುವಷ್ಟರಲ್ಲಿ ಡಿಸ್ಕು ಕೊಳ್ಳುವವರು ಕಮ್ಮಿಯಾಗಿದ್ದರು. ಮೇಲಾಗಿ ಅದರ ಕೊನೆಕೊನೆಯ ಸೀಸನ್ನುಗಳ ಯುದ್ಧಗಳು ಕಂಪ್ಯೂಟರಿನಲ್ಲಿ ಹುಟ್ಟಿದಂಥವು, ಟಿವಿಯ ಅಳತೆಗೇ ತಯಾರಾದಂಥವು. ಅವುಗಳ ಹಿಂದೆ ನೆಗೆಟಿವ್ ಎಂಬುದೇ ಇಲ್ಲ, ಮತ್ತೆ ಮಾಡಬೇಕು. ಹಾಗಾಗಿ ನಿಂತೇ ಹೋಯಿತು. ಆ ಸರಣಿಯನ್ನು ಬರೆದು ನಡೆಸಿದ ಐರಾ ಸ್ಟೀವನ್ ಬೆಹ್ರ್ ಅಭಿಮಾನಿಗಳಿಂದಲೇ ದುಡ್ಡು ಕೂಡಿಸಿ ಒಂದು ಸಾಕ್ಷ್ಯಚಿತ್ರ ಮಾಡಿದಾಗ, ಅದರಲ್ಲಿ ಬಳಸಿದ ತುಣುಕುಗಳನ್ನಷ್ಟೇ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿದರು. ಸರಣಿಯ ನಾಯಕ ಕ್ಯಾಪ್ಟನ್ ಸಿಸ್ಕೋನ ಮುಖ ಅಷ್ಟು ಸ್ಪಷ್ಟವಾಗಿ ಕಂಡಾಗ ನನ್ನ ಗಂಟಲು ಕಟ್ಟಿತು. ನಟರ ದೃಶ್ಯಗಳೆಲ್ಲ ಅಲ್ಲೇ ಡಬ್ಬದಲ್ಲಿವೆ, ತೆಗೆಯುವವರಿಲ್ಲ.

ಮಾವನ ಕ್ಯಾಸೆಟ್

ಈ ಸಂಕಟಕ್ಕೆ ಬೇರು ಇನ್ನೂ ಹಿಂದಿದೆ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೂಲ ಸ್ಟಾರ್ ಟ್ರೆಕ್ ನೋಡಿ ಹುಚ್ಚು ಹಿಡಿಸಿಕೊಂಡವರಲ್ಲಿ ನಾನೂ ಒಬ್ಬ. ನಮ್ಮೂರು ಸಾಗರ. ಅಯೋವಾದಲ್ಲಿದ್ದ ಸೋದರಮಾವನಿಗೆ ಅಮ್ಮ ಬರೆಯುವ ಏರೋಗ್ರಾಮಿನ ಅಂಚಿನಲ್ಲಿ ನಾನೂ ಎರಡು ಸಾಲು ಬರೆಯುತ್ತಿದ್ದೆ. ಒಂದು ಸಲ ಅವರು ಉತ್ತರದಲ್ಲಿ, ಅದೇ ಕತೆಯ ಹೊಸ ಧಾರಾವಾಹಿ ಇಲ್ಲಿ ಬರುತ್ತಿದೆ, ರೆಕಾರ್ಡ್ ಮಾಡಿ ಕಳಿಸುತ್ತೇನೆ ಎಂದರು. 1990ರ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಬಂದ ಅವರ ಗೆಳೆಯರ ಕೈಯಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಬಂತು. ಬೆನ್ನಿನ ಚೀಟಿಯಲ್ಲಿ ಮಾವನ ದುಂಡು ಅಕ್ಷರದಲ್ಲಿ ನನ್ನ ಹೆಸರು.

ಪಕ್ಕದ ಮನೆಯವರ ವಿಸಿಆರ್‌ಗೆ ಹಾಕಿದರೆ ಬಣ್ಣವಿಲ್ಲ, ಚಿತ್ರ ನಿಲ್ಲದೆ ಮೇಲಕ್ಕೆ ಉರುಳುತ್ತದೆ, ಮಾತು ಮಾತ್ರ ಕೇಳುತ್ತದೆ. ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್, ಒಂದಕ್ಕೊಂದು ಹೊಂದುವುದಿಲ್ಲ ಎಂದು ವಿವರಿಸಿದವರು ಪೇಟೆಯಲ್ಲಿ ಮದುವೆ ವಿಡಿಯೋ ತೆಗೆಯುವವರೊಬ್ಬರು. ಎರಡೂ ಬಗೆಯ ಕ್ಯಾಸೆಟ್ ಓಡಿಸುವ ವಿಸಿಆರ್ ಊರಿನಲ್ಲಿ ಅವರೊಬ್ಬರ ಹತ್ತಿರವೇ ಇದ್ದದ್ದು. ಸ್ಟುಡಿಯೋದ ಹಿಂದಿನ ಕೋಣೆ, ನೀಲಿ ಪರದೆ, ಮೂಲೆಯಲ್ಲಿ ಛತ್ರಿಯಂಥ ದೀಪಗಳು, ನೆಲದ ಮೇಲೆ ಕೂತ ನಾನು ಮತ್ತು ಅಣ್ಣ. ಅವರು ಅಂಗಡಿ ಮುಚ್ಚುವ ತನಕ ನೋಡಬಹುದು ಎಂದಿದ್ದರು. ಆರು ಗಂಟೆ ಹಿಡಿಸಲೆಂದು ಅತಿ ನಿಧಾನದ ವೇಗದಲ್ಲಿ ರೆಕಾರ್ಡ್ ಮಾಡಿದ ಟೇಪು. ಮುಖಗಳ ಅಂಚು ಕೆಂಪಗೆ ಹರಡಿಕೊಂಡಿತ್ತು. ನಕ್ಷತ್ರ ಯಾವುದು, ಟೇಪಿನ ಚುಕ್ಕೆ ಯಾವುದು ಗೊತ್ತಾಗುತ್ತಿರಲಿಲ್ಲ. ಆದರೂ ಅದಕ್ಕಿಂತ ಚಂದದ ಚಿತ್ರವನ್ನು ನಾನು ಆಮೇಲೆ ಕಂಡಿಲ್ಲ.

ಕೊನೆಯ ಕಂತು 1990ರ ಜೂನಿನದು. ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು: ಕ್ಯಾಪ್ಟನ್ ಪಿಕಾರ್ಡ್‌ನನ್ನು ಬೋರ್ಗ್ ಎಂಬ ಅರೆಯಂತ್ರದ ಜನ ಹಿಡಿದೊಯ್ದು ತಮ್ಮವನನ್ನಾಗಿ ಮಾಡಿಕೊಂಡ ಕಂತು. ಅದರ ಅರ್ಧದವರೆಗೆ ಜಾಹೀರಾತೇ ಇರಲಿಲ್ಲ. ಮಾವ ರಿಮೋಟ್ ಹಿಡಿದು ಕೂತು, ಜಾಹೀರಾತು ಬಂದ ಕೂಡಲೇ ರೆಕಾರ್ಡಿಂಗ್ ತಡೆದು, ಕತೆ ಶುರುವಾದ ಕೂಡಲೇ ಬಿಡುತ್ತಿದ್ದರು. ಅರ್ಧದಿಂದಾಚೆ ಇದ್ದಕ್ಕಿದ್ದಂತೆ ಕಾರಿನ ಜಾಹೀರಾತು, ಬೆಳಗಿನ ತಿಂಡಿಯ ಜಾಹೀರಾತು, ಎಲ್ಲ ಬರತೊಡಗಿತು. ಪರದೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ನಕ್ಷೆ, ಚೌಕಚೌಕವಾಗಿ ಭಾಗ ಮಾಡಿದ್ದು, ಕೆಲವು ಚೌಕಕ್ಕೆ ಹಳದಿ, ಎರಡಕ್ಕೆ ಕೆಂಪು. ತಳದಲ್ಲಿ ಓಡುವ ಅಕ್ಷರದ ಸಾಲು. ಅದು ಸುಂಟರಗಾಳಿಯ ಎಚ್ಚರಿಕೆ ಎಂದು ಅಣ್ಣ ಓದಿ ಹೇಳಿದ. ನಾವಿಬ್ಬರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಹನಾಯಕ ರೈಕರ್ ತನ್ನ ಕ್ಯಾಪ್ಟನ್ ಇರುವ ನೌಕೆಯ ಮೇಲೇ ಗುಂಡು ಹಾರಿಸಲು ಆಜ್ಞೆ ಕೊಟ್ಟ, ಮುಂದುವರಿಯುವುದು ಎಂದು ಬಂತು, ಟೇಪು ಮುಗಿಯಿತು. ಅಲ್ಲಿಯವರು ಮುಂದಿನ ಭಾಗಕ್ಕೆ ಸೆಪ್ಟೆಂಬರ್‌ವರೆಗೆ ಕಾದರು. ನಾನು ಮಾವ ಊರಿಗೆ ಬರುವ ತನಕ, ಒಂದೂವರೆ ವರ್ಷ ಕಾದೆ. ಅಷ್ಟೂ ದಿನ ಅಣ್ಣನೂ ನಾನೂ ಬಚ್ಚಲ ಒಲೆ ಮುಂದೆ ಕೂತು ಮುಂದಿನ ಕತೆ ಕಟ್ಟಿದ್ದಕ್ಕೆ ಲೆಕ್ಕವಿಲ್ಲ.

ಎರಡನೇ ಭಾಗದಲ್ಲಿ ಒಂದು ಗಳಿಗೆ ಇದೆ. ಪಿಕಾರ್ಡ್‌ನ ಮೈಗೆ ಯಂತ್ರದ ಭಾಗಗಳನ್ನು ಕೂರಿಸುತ್ತಿರುವಾಗ, ಬಿಳಿಚಿಕೊಂಡ ಅವನ ಮುಖದ ಮೇಲೆ ಒಂದು ಹನಿ ಕಣ್ಣೀರು ಇಳಿಯುತ್ತದೆ. ಒಳಗೆ ಮನುಷ್ಯ ಇನ್ನೂ ಇದ್ದಾನೆ ಎನ್ನುವುದು ಆ ಒಂದೇ ಹನಿಯಲ್ಲಿದೆ. 2013ರಲ್ಲಿ ಎರಡೂ ಭಾಗ ಸೇರಿಸಿದ ಬ್ಲೂ-ರೇ ತರಿಸಿ ನೋಡಿದಾಗಲೇ ಅದನ್ನು ನಾನು ಕಂಡದ್ದು. ಮಾವ ಆಮೇಲೆ ತಂದ ಎರಡನೇ ಭಾಗದ ಕ್ಯಾಸೆಟ್ಟಿನಲ್ಲಿ ಆ ಹನಿಯೇ ಇರಲಿಲ್ಲ. ಆ ವೇಗದ ಟೇಪಿಗೆ ಅಷ್ಟು ಸಣ್ಣದನ್ನು ಹಿಡಿದಿಡುವ ಶಕ್ತಿ ಇಲ್ಲ. ಇಪ್ಪತ್ತೊಂದು ವರ್ಷ ಆ ದೃಶ್ಯವನ್ನು ನಾನು ಕಣ್ಣೀರಿಲ್ಲದೆ ನೆನಪಿಟ್ಟುಕೊಂಡಿದ್ದೆ.

ಹಾಗಾದರೆ ಕ್ಯಾಸೆಟ್ ಸುಳ್ಳು, ಡಿಸ್ಕು ನಿಜವೇ? ಬಹಳ ದಿನ ನಾನು ಹಾಗೇ ಅಂದುಕೊಂಡಿದ್ದೆ.

ಅಳಿಸಿದವರು, ಉಳಿಸಿದವರು

ಆ ನಂಬಿಕೆ ಸಡಿಲವಾದದ್ದು ಡಾಕ್ಟರ್ ಹೂ ಕತೆ ತಿಳಿದ ಮೇಲೆ. 1963ರಲ್ಲಿ ಶುರುವಾದ ಬ್ರಿಟನ್ನಿನ ಈ ಧಾರಾವಾಹಿಯ ಹಳೆಯ ಟೇಪುಗಳನ್ನು ಬಿಬಿಸಿಯೇ ಅಳಿಸಿ ಮತ್ತೆ ಬಳಸಿತು. ಟೇಪು ದುಬಾರಿ, ಮರುಪ್ರಸಾರ ಅಪರೂಪ, ಮನೆಯಲ್ಲಿ ಕೂತು ಹಳೆಯ ಕಂತು ನೋಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಅರವತ್ತರ ದಶಕದ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಷ್ಟೂ ಕಂತುಗಳ ಧ್ವನಿ ಇದೆ. ಅದನ್ನು ಉಳಿಸಿದ್ದು ಸಂಸ್ಥೆಯಲ್ಲ, ಮಕ್ಕಳು, ಹದಿಹರೆಯದವರು. ಟಿವಿ ಮುಂದೆ ಮೈಕು ಹಿಡಿದು, ಕೆಲವರು ಟಿವಿಗೇ ತಂತಿ ಜೋಡಿಸಿ, ಸ್ಪೂಲ್ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡವರು. ಚಿತ್ರವಾಗಿ ಮರಳಿದ ಕಂತುಗಳೂ ಎಲ್ಲೆಲ್ಲಿಂದಲೋ ಬಂದವು. ಹೊರದೇಶಗಳಿಗೆ ಮಾರಿದ ಫಿಲ್ಮಿನ ಪ್ರತಿಗಳಲ್ಲಿ ಒಂಬತ್ತು ಕಳೆದ ಕಂತುಗಳು ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಹೊರಬಿತ್ತು. ಅವತ್ತು ನಾನು ಆಫೀಸಿನಲ್ಲಿ ಯಾರಿಗೆ ಹೇಳಲಿ ಎಂದು ತಿಳಿಯದೆ ಕ್ಯಾಂಟೀನಿನವರೆಗೆ ಹೋಗಿ ಬಂದೆ.

ನನ್ನ ಮನಸ್ಸು ತಿರುಗಿಸಿದ್ದು ಬಣ್ಣದ ಕತೆ. 1971ರ ಡಾಕ್ಟರ್ ಹೂ ಕತೆ 'ದಿ ಡೀಮನ್ಸ್' ಐದು ಕಂತಿನದು. ಬಣ್ಣದಲ್ಲಿ ಪ್ರಸಾರವಾಗಿದ್ದರೂ ನಾಲ್ಕು ಕಂತು ಕಪ್ಪುಬಿಳುಪು ಫಿಲ್ಮಿನಲ್ಲಷ್ಟೇ ಉಳಿದಿದ್ದವು. ಎಪ್ಪತ್ತರ ದಶಕದ ಕೊನೆಯಲ್ಲಿ ಅದು ಅಮೆರಿಕದ ಟಿವಿಯಲ್ಲಿ ಬಂದಾಗ ಅಲ್ಲಿನ ಅಭಿಮಾನಿಯೊಬ್ಬರು ಮನೆಯ ಬೀಟಾಮ್ಯಾಕ್ಸ್ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಮಸುಕು ಟೇಪು, ಆದರೆ ಅದರಲ್ಲಿ ಬಣ್ಣ ಇತ್ತು. ಬ್ರಿಟನ್ನಿನ ಅಭಿಮಾನಿ ತಂತ್ರಜ್ಞರು ಫಿಲ್ಮಿನಿಂದ ಗೆರೆಯನ್ನೂ ಈ ಮನೆಯ ಟೇಪಿನಿಂದ ಬಣ್ಣವನ್ನೂ ತೆಗೆದು, ಒಂದರ ಮೇಲೊಂದು ಕೂರಿಸಿ, 1992ರಲ್ಲಿ ಬಿಬಿಸಿಯಲ್ಲೇ ಅದು ಬಣ್ಣದಲ್ಲಿ ಮತ್ತೆ ಪ್ರಸಾರವಾಗುವಂತೆ ಮಾಡಿದರು. ನಮ್ಮ ಕಣ್ಣು ಗೆರೆಯ ಸೂಕ್ಷ್ಮವನ್ನು ಹಿಡಿದಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮವನ್ನು ಹಿಡಿಯುವುದಿಲ್ಲ, ಆದ್ದರಿಂದ ಬಣ್ಣ ಮಸುಕಾಗಿದ್ದರೂ ಗೆರೆ ನಿಚ್ಚಳವಿದ್ದರೆ ಸಾಕು. ಮನೆಯ ಟೇಪು ಮೂಲಕ್ಕೇ ಬಣ್ಣ ವಾಪಸು ಕೊಟ್ಟಿತು. ಇದನ್ನು ಓದಿದ ರಾತ್ರಿ ಮಾವನ ಕ್ಯಾಸೆಟ್ ಎಲ್ಲಿದೆ ಎಂದು ನೆನಪು ಮಾಡಿಕೊಂಡೆ.

ಮನೆಯಲ್ಲಿ ರೆಕಾರ್ಡ್ ಮಾಡುವುದು ಕೂಡ ಒಂದು ಕಾಲಕ್ಕೆ ಕಟಕಟೆ ಹತ್ತಿತ್ತು. ಹಾಲಿವುಡ್ಡಿನ ಸ್ಟುಡಿಯೋಗಳು ಬೀಟಾಮ್ಯಾಕ್ಸ್ ತಯಾರಿಸುತ್ತಿದ್ದ ಸೋನಿಯ ಮೇಲೆ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1984ರ ಜನವರಿಯಲ್ಲಿ, ಪ್ರಸಾರವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದಿತು. ಐವರು ಪರ, ನಾಲ್ವರು ವಿರೋಧ. ಒಬ್ಬರು ಆಚೆ ವಾಲಿದ್ದರೆ ಇಡೀ ಜಗತ್ತಿನ ಅಟ್ಟಗಳು ಖಾಲಿ ಇರುತ್ತಿದ್ದವು.

ನಮ್ಮ ಅಟ್ಟಗಳ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ದೂರದರ್ಶನದಲ್ಲಿ ಬಂದ 'ಸ್ಪೇಸ್ ಸಿಟಿ ಸಿಗ್ಮಾ', 'ಇಂದ್ರಧನುಷ್', ತೊಂಬತ್ತರ ಕೊನೆಯ 'ಕ್ಯಾಪ್ಟನ್ ವ್ಯೋಮ್', ಇವು ನಮ್ಮ ವೈಜ್ಞಾನಿಕ ಧಾರಾವಾಹಿಗಳು. ಸೆಟ್ಟು ಅಗ್ಗದ್ದಾಗಿತ್ತು ಎಂದು ನಗುವವರ ಜೊತೆ ನಾನು ಸೇರುವುದಿಲ್ಲ. ಬಾಹ್ಯಾಕಾಶದಲ್ಲಿ ನಮ್ಮಂಥ ಮುಖದವರೂ ಇರುತ್ತಾರೆ ಎಂದು ತೋರಿಸಿದ್ದು ಅವು. ನಿಮ್ಮ ಅಪ್ಪನೋ ದೊಡ್ಡಪ್ಪನೋ ಆಗ ಭಾನುವಾರ ವಿಸಿಆರ್ ಒತ್ತುವವರಾಗಿದ್ದರೆ, ಚೀಟಿ ಇಲ್ಲದ ಕ್ಯಾಸೆಟ್ಟನ್ನು ಗುಜರಿಗೆ ಹಾಕುವ ಮೊದಲು ದಯವಿಟ್ಟು ಒಮ್ಮೆ ಓಡಿಸಿ ನೋಡಿ. ಪ್ರಸಾರ ತಡೆದಾಗ ಬರುತ್ತಿದ್ದ 'ರುಕಾವಟ್ ಕೆ ಲಿಯೇ ಖೇದ್ ಹೈ' ಫಲಕ ಸಿಕ್ಕರೆ ಅದನ್ನೂ ಉಳಿಸಿ.

ಚೂಪು ಮಾಡುವ ಚಪಲ

ಮಸುಕಾದುದನ್ನು ಎಐ ಕೈಯಲ್ಲಿ ಚೂಪು ಮಾಡಿಸುವುದು ಈಗ ನಡೆದಿದೆ. ಡೀಪ್ ಸ್ಪೇಸ್ ನೈನ್ ಅನ್ನೂ ಹಾಗೆ ಮಾಡಿದವರಿದ್ದಾರೆ. ಪ್ರೀತಿಯಿಂದಲೇ ಮಾಡಿದ್ದು, ಗೊತ್ತು. ನೋಡಿದೆ, ನನಗೆ ಒಗ್ಗಲಿಲ್ಲ. ಟೇಪಿನಲ್ಲಿ ಇಲ್ಲದ ಚರ್ಮವನ್ನು ಅದು ಊಹಿಸಿ ಬರೆಯುತ್ತದೆ. ಮುಖ ಮೇಣದಂತೆ ನುಣುಪಾಗುತ್ತದೆ, ಹಿಂದೆ ನಿಂತವರ ಕಣ್ಣು ಇನ್ಯಾರದೋ ಕಣ್ಣಾಗುತ್ತದೆ. ಪಿಕಾರ್ಡ್‌ನ ಹನಿಯನ್ನು ನನ್ನ ಕ್ಯಾಸೆಟ್ ಕಳೆದಿತ್ತು ನಿಜ, ಆದರೆ ಬೇರೆ ಹನಿಯನ್ನು ತಂದು ಇಟ್ಟಿರಲಿಲ್ಲ. ನೆಗೆಟಿವ್‌ಗೆ ಹಿಂತಿರುಗುವುದಕ್ಕೂ ಊಹಿಸುವುದಕ್ಕೂ ಇರುವ ಅಂತರ ಇದೇ.

ತೊಂಬತ್ತರ ದಶಕದ ಇನ್ನೊಂದು ಬಾಹ್ಯಾಕಾಶ ಧಾರಾವಾಹಿ ಬ್ಯಾಬಿಲಾನ್ 5 ಅನುಭವಿಸಿದ್ದು ಇದರ ಇನ್ನೊಂದು ಮುಖ. ಮುಂದೆ ಅಗಲ ಪರದೆ ಬರುತ್ತದೆಂದು ದೂರಾಲೋಚನೆ ಮಾಡಿ, ನಟರ ದೃಶ್ಯಗಳನ್ನು ಅಗಲಕ್ಕೆ ಹೊಂದುವಂತೆ ಫಿಲ್ಮಿನಲ್ಲಿ ತೆಗೆದಿದ್ದರು. ಅಮಿಗಾ ಕಂಪ್ಯೂಟರಿನಲ್ಲಿ ಶುರುವಾದ ಅದರ ಗ್ರಾಫಿಕ್ಸ್ ಮಾತ್ರ ಆಗಿನ ಚೌಕ ಟಿವಿಯ ಅಳತೆಗೇ ಆಯಿತು. ಡಿವಿಡಿ ಕಾಲದಲ್ಲಿ ಅಗಲ ಮಾಡಲು ಹೋಗಿ ಗ್ರಾಫಿಕ್ಸಿನ ತಲೆ ಕಾಲು ಕತ್ತರಿಸಿ ಹಿಗ್ಗಿಸಿದರು. ನಟರು ಸ್ಪಷ್ಟ, ನೌಕೆ ಕಾಣಿಸಿದ ಕೂಡಲೇ ಚಿತ್ರ ಕುಸಿಯುತ್ತಿತ್ತು. 2021ರಲ್ಲಿ ಮತ್ತೆ ಹಳೆಯ ಚೌಕದ ಅಳತೆಗೇ ಮರಳಿ ಬಂದರು. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೂ ಎಲ್ಲ ಒಂದಕ್ಕೊಂದು ಹೊಂದಿಕೊಂಡಿದೆ. 2023ರ ಡಿಸೆಂಬರಿನಲ್ಲಿ ಬ್ಲೂ-ರೇ ಬಂತು, ನಾನು ಕೊಂಡೆ. ಮೂಲ ಸ್ಟಾರ್ ಟ್ರೆಕ್‌ಗೆ 2006ರಲ್ಲಿ ಹೊಸ ಗ್ರಾಫಿಕ್ಸ್ ಹಾಕಿದಾಗಲೂ ಆಮೇಲಿನ ಬ್ಲೂ-ರೇಯಲ್ಲಿ ಹಳೆಯದನ್ನೂ ಇಟ್ಟು, ಬೇಕಾದ್ದು ಆರಿಸಿಕೊಳ್ಳಿ ಎಂದರು. ಅದು ಸರಿಯಾದ ಮರ್ಯಾದೆ. ನಾನು ಪ್ರತಿ ಸಲವೂ ಹಳೆಯದನ್ನೇ ಆರಿಸುತ್ತೇನೆ. ಆ ಹನ್ನೊಂದಡಿ ಉದ್ದದ ನೌಕೆ ನಿಜವಾಗಿ ಇದೆ, ವಾಷಿಂಗ್ಟನ್ನಿನ ವೈಮಾನಿಕ ಸಂಗ್ರಹಾಲಯದಲ್ಲಿ.

ಡಿಸ್ಕು ಯಾಕೆ, ಎಲ್ಲ ಸ್ಟ್ರೀಮಿಂಗಿನಲ್ಲಿ ಸಿಗುತ್ತದಲ್ಲ ಎನ್ನುವ ಗೆಳೆಯರಿಗೆ ಒಂದೇ ಉದಾಹರಣೆ ಕೊಡುತ್ತೇನೆ. ಮಕ್ಕಳಿಗೆಂದು ಮಾಡಿದ ಸ್ಟಾರ್ ಟ್ರೆಕ್ ಪ್ರಾಡಿಜಿಯನ್ನು 2023ರಲ್ಲಿ ಅದನ್ನು ಮಾಡಿದ ಕಂಪನಿಯ ಸ್ವಂತ ಸ್ಟ್ರೀಮಿಂಗಿನಿಂದಲೇ ತೆಗೆದುಹಾಕಿದರು. ಅಭಿಮಾನಿಗಳು ಬಿಡದೆ ದನಿಯೆತ್ತಿದರು, ಅದು ಬೇರೆ ಕಡೆ ನೆಲೆ ಕಂಡಿತು. ನಡುವಿನ ತಿಂಗಳುಗಳಲ್ಲಿ ಮೊದಲ ಕಂತುಗಳ ಡಿಸ್ಕು ಕೊಂಡಿದ್ದವರ ಮನೆಯ ಮಕ್ಕಳು ಎಂದಿನ ಹಾಗೆ ಅದನ್ನು ನೋಡುತ್ತಿದ್ದರು.

ಬೂಷ್ಟು

ಕ್ಯಾಸೆಟ್ ಸಾಗರದ ಮನೆಯ ಅಟ್ಟದಲ್ಲಿ, ತಗಡಿನ ಟ್ರಂಕಿನಲ್ಲಿ ಸಿಕ್ಕಿತು. ಮಲೆನಾಡಿನ ಮೂವತ್ತು ಮಳೆಗಾಲ ಕಂಡದ್ದು. ಮೇಲಿನ ಪಾರದರ್ಶಕ ಕಿಟಕಿಯಿಂದ ನೋಡಿದರೆ ಸುತ್ತಿದ ಟೇಪಿನ ಅಂಚಿನುದ್ದಕ್ಕೂ ಬಿಳಿ ಬೂಷ್ಟು, ದೋಸೆ ಹಿಟ್ಟು ಚೆಲ್ಲಿ ಒಣಗಿದ ಹಾಗೆ. ಹಾಗೇ ವಿಸಿಆರ್‌ಗೆ ಹಾಕಿದರೆ ಟೇಪೂ ಹೋಗುತ್ತದೆ, ನಿಮಿಷಕ್ಕೆ ಸಾವಿರದೈನೂರಕ್ಕೂ ಮೇಲೆ ಸುತ್ತುವ ಅದರ ಹೆಡ್ಡೂ ಕಟ್ಟಿಕೊಳ್ಳುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ವಿಸಿಆರ್ ರಿಪೇರಿ ಮಾಡುವ ಹಿರಿಯರೊಬ್ಬರು ಕಲಿಸಿಕೊಟ್ಟರು. ಮೊದಲು ಹದಿನೈದು ದಿನ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು ಒಣಗಿಸಬೇಕು. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ತಳದ ಐದು ಸ್ಕ್ರೂ ಬಿಚ್ಚಬೇಕು. ಆಮೇಲೆ ಐಸೊಪ್ರೊಪಿಲ್ ಆಲ್ಕೋಹಾಲ್ ಸೋಕಿಸಿದ, ನಾರು ಬಿಡದ ಬಟ್ಟೆಯ ನಡುವೆ ಟೇಪನ್ನು ಕೈಯಿಂದ ನಿಧಾನ ಸುತ್ತುತ್ತ ಒರೆಸಬೇಕು. ಇನ್ನೂರೈವತ್ತು ಮೀಟರು ಹತ್ತಿರ ಟೇಪು. ನಾಲ್ಕು ಭಾನುವಾರ ಹಿಡಿಯಿತು. ಅಣ್ಣನ ಮಗಳು ಇದ್ದ ಎರಡು ಭಾನುವಾರ ಅವಳೂ ಕೂತಳು, ಬಟ್ಟೆ ಅವಳು ಹಿಡಿದಳು, ಚಕ್ರ ನಾನು ತಿರುಗಿಸಿದೆ.

ಮಳೆ ಶುರುವಾದ ಮೇಲೆ ಇನ್ನೊಂದು ವಾರಾಂತ್ಯಕ್ಕೆ ಅವಳು ಬಂದಾಗ ಓಡಿಸಿದೆವು. ಚಿತ್ರದ ತಳದಲ್ಲಿ ಗೆರೆಯೊಂದು ನಡುಗುತ್ತಿತ್ತು, ಕೆಂಪು ಹರಡಿಕೊಂಡೇ ಇತ್ತು. ಅರ್ಧ ಕಂತಿಗೆ ಜಾಹೀರಾತು ಬರತೊಡಗಿತು, ಮೂಲೆಯಲ್ಲಿ ಹಳದಿ ಕೆಂಪು ಚೌಕದ ನಕ್ಷೆ ಬಂತು. ಬ್ಲೂ-ರೇಯಲ್ಲಿ ಅದಿಲ್ಲ, ಇನ್ನೆಲ್ಲೂ ಇರಲಿಕ್ಕಿಲ್ಲ. "ಆಮೇಲೆ ಗಾಳಿ ಬಂತಾ ಚಿಕ್ಕಪ್ಪ?" ಎಂದಳು. ಮೂವತ್ತೈದು ವರ್ಷದಲ್ಲಿ ನಾನು ಕೇಳಿಕೊಳ್ಳದ ಪ್ರಶ್ನೆ. ಅಲ್ಲಿ ಬೆಳಿಗ್ಗೆಯಾಗುವುದನ್ನು ಕಾದು ಮಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಓ ಆ ಕ್ಯಾಸೆಟ್ಟಾ, ಇನ್ನೂ ಇದ್ಯಾ ಅದು?" ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. "ಸೈರನ್ ಕೂಗ್ತು ಮಾರಾಯ. ಮಗೂನ ಎತ್ಕೊಂಡು ನಿನ್ನತ್ತೆ ಕೆಳಗೆ ಬೇಸ್‌ಮೆಂಟಿಗೆ ಓಡಿದ್ಲು, ನಾನೂ ಹೋದೆ. ವಿಸಿಆರ್ ಓಡ್ತಾ ಇತ್ತು, ಹಾಗೇ ಬಿಟ್ಟೆ. ನಿಂಗೆ ಕಳಿಸಬೇಕಿತ್ತಲ್ಲ, ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಗಾಳಿ ನಮ್ಮ ಕಡೆ ಬರ್ಲಿಲ್ಲ, ಆಚೆ ಹೋಯ್ತು. ಮೇಲೆ ಬರೋ ಹೊತ್ತಿಗೆ ಕಂತು ಮುಗಿದಿತ್ತು. ಅದರ ಕೊನೇನ ನಾನೂ ಅವತ್ತು ರಾತ್ರಿ ನಿನ್ನ ಕ್ಯಾಸೆಟ್ಟಲ್ಲೇ ನೋಡಿದ್ದು."

ಫೋನ್ ಇಟ್ಟ ಮೇಲೆ ಅವಳು ರಿಮೋಟ್ ನನ್ನ ಕೈಗೆ ಕೊಟ್ಟಳು. "ಹಿಂದಕ್ಕೆ ಹಾಕು ಚಿಕ್ಕಪ್ಪ, ಜಾಹೀರಾತು ಶುರುವಾದಲ್ಲಿಗೆ."